ಮುಖ್ಯ ಶಿಕ್ಷಕರು ಮತ್ತು ಶಿಕ್ಷಕರ ಕೆಲಸದ ಸಂಸ್ಕೃತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಶಾಲೆಗೆ ಹೊಸದಾಗಿ ಮುಖ್ಯ ಶಿಕ್ಷಕರಾಗಿ ಬಂದವರು, ಪ್ರಭಾರ ಹೊತ್ತು ಒದ್ದಾಡುತ್ತಿರುವವರು ಮತ್ತು ಅವರ ಜೊತೆ ದುಡಿಯುವ ಸಹ ಶಿಕ್ಷಕರು ಕೇಳುವ ಪ್ರಶ್ನೆಗಳಿವು. ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ಸಮಾಲೋಚನಾ ಸಭೆಯ ಚಹಾ ವಿರಾಮದಲ್ಲಿ ಕೇಳಿಬಂದವೇ ಹೆಚ್ಚು. ಸಭೆಯ ಒಳಗೆ ಇಂಥವನ್ನು ಯಾರೂ ಕೇಳುವುದಿಲ್ಲ. ಮೊದಲು ಸಹ ಶಿಕ್ಷಕನಾಗಿ, ಆಮೇಲೆ ಮುಖ್ಯ ಶಿಕ್ಷಕನಾಗಿ ಕಂಡುಂಡದ್ದರಿಂದ ಉತ್ತರ ಕೊಟ್ಟಿದ್ದೇನೆ. ಹಾಗಾಗಿ ಇವು ಪ್ರಾಥಮಿಕ ಶಾಲೆಯ ಕಡೆಗೆ ಸ್ವಲ್ಪ ವಾಲಿವೆ.

ಒಂದು ಶಾಲೆಯಲ್ಲಿ ಕೆಲಸದ ಸಂಸ್ಕೃತಿ ಚೆನ್ನಾಗಿದೆ ಎಂದು ಹೊರಗಿನವರಿಗೆ ತಿಳಿಯುವುದು ಹೇಗೆ?

ಗೋಡೆ ಬರಹ ನೋಡಿ ತಿಳಿಯುವುದಿಲ್ಲ. ಕಡತಗಳ ಅಂದ ನೋಡಿಯೂ ತಿಳಿಯುವುದಿಲ್ಲ. ನಾನು ನೋಡುವುದು ಒಂದನ್ನೇ: ಈ ದಿನ ರಜೆ ಹಾಕಿರುವ ಶಿಕ್ಷಕರ ತರಗತಿಯಲ್ಲಿ ಏನು ನಡೆಯುತ್ತಿದೆ? ಕೆಲವು ಶಾಲೆಗಳಲ್ಲಿ ಮಕ್ಕಳು ಗಲಾಟೆ ಮಾಡುತ್ತಿರುತ್ತಾರೆ, ಬಾಗಿಲಲ್ಲಿ ತರಗತಿಯ ನಾಯಕ ಮಾತಾಡಿದವರ ಹೆಸರು ಬರೆಯುತ್ತಿರುತ್ತಾನೆ. ಇನ್ನು ಕೆಲವು ಶಾಲೆಗಳಲ್ಲಿ ಪಕ್ಕದ ಕೊಠಡಿಯ ಮೇಡಂ ಯಾರೂ ಹೇಳದೆಯೇ ಎರಡೂ ತರಗತಿಗಳನ್ನು ಸೇರಿಸಿ ಕೂರಿಸಿಕೊಂಡಿರುತ್ತಾರೆ, ರಜೆ ಹಾಕಿದವರು ಹಿಂದಿನ ಸಂಜೆಯೇ ಏನು ಮಾಡಿಸಬೇಕೆಂದು ಚೀಟಿ ಬರೆದಿಟ್ಟು ಹೋಗಿರುತ್ತಾರೆ. ಇಷ್ಟು ಕಂಡರೆ ಸಾಕು, ಆ ಶಾಲೆಯ ಮುಖ್ಯ ಶಿಕ್ಷಕರು ಎಂಥವರೆಂದು ಅರ್ಧ ಊಹಿಸಬಹುದು.

ಮುಖ್ಯ ಶಿಕ್ಷಕರ ಕೈಯಲ್ಲಿ ಏನಿದೆ ಸರ್? ಬೇಕಾದವರನ್ನು ಆರಿಸಿಕೊಳ್ಳುವಂತಿಲ್ಲ, ಬೇಡದವರನ್ನು ಕಳುಹಿಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿದ ಪ್ರಶ್ನೆ ಇದೇ. ಮೇಲ್ನೋಟಕ್ಕೆ ಸರಿ ಕೂಡ. ನೇಮಕಾತಿ ಇಲಾಖೆಯದು, ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ನಡೆಯುತ್ತದೆ, ಶಿಸ್ತು ಕ್ರಮ ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಉಪನಿರ್ದೇಶಕರ ಮಟ್ಟದ್ದು. ಮುಖ್ಯ ಶಿಕ್ಷಕರಿಗೆ ಉಳಿದದ್ದು ಸಾಂದರ್ಭಿಕ ರಜೆ ಮಂಜೂರು ಮಾಡುವುದು, ಕಾರಣ ಕೇಳಿ ಪತ್ರ ಬರೆಯುವುದು, ಬೀಗದ ಕೈ ಗೊಂಚಲು.

ಆದರೆ ಇನ್ನೊಂದು ಅಧಿಕಾರ ಇದೆ. ಅದು ಯಾವ ನಿಯಮಾವಳಿಯಲ್ಲೂ ಅಧಿಕಾರ ಎಂಬ ಹೆಸರಿನಲ್ಲಿ ಇಲ್ಲದ್ದರಿಂದ ನಮಗೆ ಕಾಣುವುದಿಲ್ಲ. ಹಂಚುವ ಅಧಿಕಾರ. ವೇಳಾಪಟ್ಟಿ ಹಂಚುವುದು ಯಾರು? ಒಂದನೇ ತರಗತಿ ಯಾರಿಗೆ, ಏಳನೇ ತರಗತಿ ಯಾರಿಗೆ, ಊಟದ ನಂತರದ ನಿದ್ದೆಗಣ್ಣಿನ ಅವಧಿ ಯಾರಿಗೆ? ಬಿಸಿಯೂಟದ ಉಸ್ತುವಾರಿ, ಪ್ರತಿಭಾ ಕಾರಂಜಿ ಸ್ಪರ್ಧೆ, ಸ್ಯಾಟ್ಸ್ (ಮಕ್ಕಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆ) ನಮೂದು, ಚುನಾವಣೆಯ ಪಟ್ಟಿ, ಇವು ಯಾರ ಮೇಲೆ ಬೀಳುತ್ತವೆ? ತರಬೇತಿಗೆ ಯಾರನ್ನು ಕಳುಹಿಸುತ್ತೀರಿ? ತಾಲ್ಲೂಕು ಕಚೇರಿಯಿಂದ ಬಂದ ಸುತ್ತೋಲೆಯನ್ನು ಎಲ್ಲರಿಗೂ ಓದಿ ಹೇಳುತ್ತೀರಾ, ಬೇಕಾದ ಇಬ್ಬರಿಗೆ ಮಾತ್ರ ಹೇಳುತ್ತೀರಾ? ಅಧಿಕಾರಿ ಬಂದು, ಮಕ್ಕಳು ಕಾರ್ಡುಗಳ ಮೂಲಕ ಆಡುತ್ತಾ ಕಲಿಯುವ ನಲಿ-ಕಲಿ ಕೊಠಡಿಯನ್ನು ಹೊಗಳಿದಾಗ, ಅದನ್ನು ಕಟ್ಟಿದ ಶಿಕ್ಷಕಿಯನ್ನು ಕರೆದು ಮುಂದೆ ನಿಲ್ಲಿಸುತ್ತೀರಾ, ನೀವೇ ಕೈ ಮುಗಿಯುತ್ತೀರಾ?

ಶಿಕ್ಷಕರು ಮುಖ್ಯ ಶಿಕ್ಷಕರ ಭಾಷಣ ಕೇಳುವುದಿಲ್ಲ, ಅವರ ಹಂಚಿಕೆಯನ್ನು ನೋಡುತ್ತಾರೆ. ಜೂನ್ ಮೊದಲ ವಾರದಲ್ಲಿ ಗೋಡೆಗೆ ಅಂಟಿಸಿದ ವೇಳಾಪಟ್ಟಿಯೇ ಇಡೀ ವರ್ಷದ ಕೆಲಸದ ಸಂಸ್ಕೃತಿಯನ್ನು ಬಹುಮಟ್ಟಿಗೆ ತೀರ್ಮಾನಿಸಿರುತ್ತದೆ. ಅದನ್ನು ಒಬ್ಬರೇ ಕೂತು ಬರೆದು ಅಂಟಿಸುವುದಕ್ಕೂ, ಕರಿಹಲಗೆಯ ಮೇಲೆ ಎಲ್ಲರ ಎದುರು ಬರೆದು ಅಳಿಸಿ ತಿದ್ದುವುದಕ್ಕೂ ಅಜಗಜಾಂತರ. ಎರಡನೆಯದಕ್ಕೆ ಮೂರು ಗಂಟೆ ಬೇಕು, ಒಂದೆರಡು ಕಡೆ ಧ್ವನಿ ಏರುತ್ತದೆ. ಏರಲಿ. ಜೂನ್‌ನಲ್ಲಿ ಮೂರು ಗಂಟೆ ಜಗಳವಾದರೆ ಡಿಸೆಂಬರ್‌ವರೆಗೆ ಗೊಣಗಾಟ ಇರುವುದಿಲ್ಲ.

ಒಬ್ಬರು ತಡವಾಗಿ ಬರುತ್ತಾರೆ. ಎಲ್ಲರಿಗೂ ಸೂಚನೆ ಹೊರಡಿಸಲೇ?

ಬೇಡ. ಈ ತಪ್ಪನ್ನು ನಾನೇ ಮಾಡಿದ್ದೇನೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ.

ನಾನು ಹೊಸದಾಗಿ ಮುಖ್ಯ ಶಿಕ್ಷಕನಾಗಿದ್ದಾಗ ಒಬ್ಬ ಶಿಕ್ಷಕರು ದಿನಾ ಹತ್ತು ಹದಿನೈದು ನಿಮಿಷ ತಡವಾಗಿ ಬರುತ್ತಿದ್ದರು. ಅವರನ್ನು ನೇರವಾಗಿ ಕೇಳಲು ಸಂಕೋಚ, ನನಗಿಂತ ಆರು ವರ್ಷ ಹಿರಿಯರು. ಸೂಚನಾ ಪುಸ್ತಕದಲ್ಲಿ ಬರೆದೆ: ‘ಎಲ್ಲ ಶಿಕ್ಷಕರು ಕಡ್ಡಾಯವಾಗಿ 10 ಗಂಟೆಯೊಳಗೆ ಹಾಜರಿರತಕ್ಕದ್ದು, ತಪ್ಪಿದಲ್ಲಿ ಮೇಲಧಿಕಾರಿಗಳ ಗಮನಕ್ಕೆ ತರಲಾಗುವುದು.’ ಏಳು ಜನರಿಂದಲೂ ಸಹಿ ಹಾಕಿಸಿಕೊಂಡೆ. ತಡವಾಗಿ ಬರುತ್ತಿದ್ದವರು ನಗುತ್ತಾ ಸಹಿ ಹಾಕಿದರು, ಮರುದಿನವೂ ತಡವಾಗಿಯೇ ಬಂದರು. ಬದಲಾದವರು ಬೇರೆಯವರು. ಅದುವರೆಗೆ ಒಂಬತ್ತೂವರೆಗೇ ಬಂದು ಓದಲು ಬಾರದ ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿಕೊಳ್ಳುತ್ತಿದ್ದ ಇಬ್ಬರು ಶಿಕ್ಷಕಿಯರು ಆ ವಾರದಿಂದ ಸರಿಯಾಗಿ ಒಂಬತ್ತು ಐವತ್ತೆಂಟಕ್ಕೆ ಗೇಟು ದಾಟತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನನಗೆ ಅದುವರೆಗೆ ಗಾದೆ ಮಾತ್ರವಾಗಿತ್ತು.

ಆಮೇಲೆ ಆ ಹಿರಿಯರನ್ನೇ ಒಂದು ಸಂಜೆ ಕೇಳಿದೆ. ಅವರ ಊರಿನ ಮೊದಲ ಬಸ್ ನಮ್ಮ ಕೂಡುರಸ್ತೆಗೆ ಬರುವುದೇ ಹತ್ತು ಗಂಟೆಗೆ. ಅದಕ್ಕೂ ಮೊದಲಿನದು ನಸುಕಿನ ಬಸ್. ಅವರ ಮೊದಲ ಅವಧಿಯನ್ನು ನಾನು ತೆಗೆದುಕೊಂಡೆ, ಸಂಜೆಯ ಆಟದ ಅವಧಿ ಮತ್ತು ಕೊಠಡಿಗಳಿಗೆ ಬೀಗ ಹಾಕಿಸುವ ಜವಾಬ್ದಾರಿಯನ್ನು ಅವರು ತೆಗೆದುಕೊಂಡರು. ಈ ಹೊಂದಾಣಿಕೆಯನ್ನು ಎಲ್ಲರ ಎದುರು ಹೇಳಿದೆವು. ಗುಟ್ಟಾಗಿ ಮಾಡಿದ್ದರೆ ಅದು ಪಕ್ಷಪಾತ ಎನಿಸಿಕೊಳ್ಳುತ್ತಿತ್ತು. ಆ ಶಿಕ್ಷಕಿಯರು ಮತ್ತೆ ಒಂಬತ್ತೂವರೆಗೆ ಬರಲು ಮಾತ್ರ ಒಂದು ವರ್ಷ ಹಿಡಿಯಿತು.

ಸಕಾರಣ ಇಲ್ಲದೆ ತಡ ಮಾಡುವವರೂ ಇದ್ದಾರೆ. ಅವರಿಗೆ ಮೊದಲು ಬಾಯಿಮಾತು, ಆಮೇಲೆ ಅವರೊಬ್ಬರ ಹೆಸರಿಗೇ ಪತ್ರ, ಆಮೇಲೆ ಕಚೇರಿಗೆ ವರದಿ.

ಚೆನ್ನಾಗಿ ಮಾಡುವವರಿಗೇ ಎಲ್ಲ ಕೆಲಸ ಕೊಡುವುದು ತಪ್ಪೇ? ಬೇರೆಯವರಿಗೆ ಕೊಟ್ಟರೆ ಕೆಡುತ್ತದೆ.

ಕೆಡುತ್ತದೆ, ಒಪ್ಪುತ್ತೇನೆ. ಆದರೂ ತಪ್ಪು. ಕಂಪ್ಯೂಟರ್ ಬಲ್ಲ ಯುವ ಶಿಕ್ಷಕರೊಬ್ಬರು ಶಾಲೆಗೆ ಬಂದರೆಂದರೆ ಸ್ಯಾಟ್ಸ್, ಶಾಲೆಯ ಅಂಕಿಅಂಶ ತುಂಬುವ ಯುಡೈಸ್, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅವರ ತಲೆಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ತರಗತಿಯೇ ಶಾಲೆಯಲ್ಲಿ ಅತ್ಯಂತ ಹಿಂದುಳಿದ ತರಗತಿ ಆಗಿರುತ್ತದೆ, ಮೂರನೇ ವರ್ಷ ಅವರು ‘ನನಗೆ ಅದು ಬರುವುದಿಲ್ಲ ಸರ್’ ಎನ್ನಲು ಕಲಿತಿರುತ್ತಾರೆ. ಬರುವುದಿಲ್ಲ ಎಂದವರಿಗೆ ಬಿಡುವು, ಬರುತ್ತದೆ ಎಂದವರಿಗೆ ಹೊರೆ ಎಂಬ ಪಾಠವನ್ನು ಅವರಿಗೆ ಕಲಿಸಿದವರು ನಾವೇ. ಒಂದು ಕೆಲಸವನ್ನು ಒಬ್ಬರಿಗೆ ಒಂದು ವರ್ಷಕ್ಕಿಂತ ಹೆಚ್ಚು ಕೊಡಬೇಡಿ. ಬಿಟ್ಟುಕೊಡುವ ಮೊದಲು ಮುಂದಿನವರಿಗೆ ಕಲಿಸಿಕೊಡುವುದೂ ಆ ಕೆಲಸದ ಭಾಗವೇ ಆಗಿರಲಿ. ಮೊದಲ ವರ್ಷ ತಪ್ಪುಗಳಾಗುತ್ತವೆ, ಕಚೇರಿಯಿಂದ ಫೋನ್ ಬರುತ್ತದೆ. ಆ ಫೋನನ್ನು ನೀವೇ ತೆಗೆದುಕೊಳ್ಳಿ.

ಸಂಶೋಧನೆ ಈ ವಿಷಯದಲ್ಲಿ ಏನಾದರೂ ಹೇಳುತ್ತದೆಯೇ?

ಬೇಕಾದಷ್ಟು ಹೇಳುತ್ತದೆ, ಹೆಚ್ಚಿನದು ಹೊರದೇಶಗಳದ್ದು. ಕೆನಡಾದ ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಮಕ್ಕಳ ಕಲಿಕೆಯ ಮೇಲೆ ಪ್ರಭಾವ ಬೀರುವ ಶಾಲೆಯೊಳಗಿನ ಸಂಗತಿಗಳಲ್ಲಿ ತರಗತಿಯ ಬೋಧನೆಯ ನಂತರದ ಸ್ಥಾನ ಶಾಲಾ ನಾಯಕತ್ವದ್ದು ಎಂದರು. ಆ ಪ್ರಭಾವ ನೇರವಾಗಿ ಮಕ್ಕಳನ್ನು ಮುಟ್ಟುವುದಿಲ್ಲ. ಶಿಕ್ಷಕರ ಉತ್ಸಾಹ, ಬದ್ಧತೆ ಮತ್ತು ಕೆಲಸದ ಸ್ಥಿತಿಗತಿಗಳ ಮೂಲಕ ಮುಟ್ಟುತ್ತದೆ ಎಂದೂ ಸೇರಿಸಿದರು. ಅದೇ ವರ್ಷ ನ್ಯೂಜಿಲೆಂಡಿನ ವಿವಿಯನ್ ರಾಬಿನ್‌ಸನ್ ಮತ್ತು ಸಂಗಡಿಗರು ನಾಯಕತ್ವದ ಐದು ಬಗೆಗಳನ್ನು ಹೋಲಿಸಿದರು. ಶಿಸ್ತಿನ ವಾತಾವರಣ ಕಾಪಾಡುವುದರ ಪರಿಣಾಮದ ಗಾತ್ರ (ಅಂಕಿ ಹೆಚ್ಚಿದಷ್ಟೂ ಮಕ್ಕಳ ಕಲಿಕೆಯ ಮೇಲೆ ಪ್ರಭಾವ ಹೆಚ್ಚು) 0.27 ಎಂದು ಬಂದರೆ, ಶಿಕ್ಷಕರ ಕಲಿಕೆಗೆ ಒತ್ತು ಕೊಟ್ಟು ಅದರಲ್ಲಿ ತಾವೂ ಪಾಲ್ಗೊಳ್ಳುವ ನಾಯಕತ್ವದ ಪರಿಣಾಮ 0.84. ಇವು ಅಲ್ಲಿಯ ಶಾಲೆಗಳ ಅಂಕಿಗಳು. ಸಹಾಯಕ ಗುಮಾಸ್ತರೂ ಇಲ್ಲದ ನಮ್ಮ ಶಾಲೆಗೆ ಹಾಗೆಯೇ ಅನ್ವಯಿಸುವಂಥವಲ್ಲ. ಆದರೂ ‘ತಾವೂ ಪಾಲ್ಗೊಳ್ಳುವ’ ಎಂಬ ಮಾತನ್ನು ಗಮನಿಸಿ. ತರಬೇತಿಗೆ ಶಿಕ್ಷಕರನ್ನು ಅಟ್ಟಿ, ತಾನು ಕಚೇರಿಯಲ್ಲಿ ಕೂರುವ ಮುಖ್ಯ ಶಿಕ್ಷಕರ ಲೆಕ್ಕ ಅದರಲ್ಲಿ ಇಲ್ಲ.

ನನಗೆ ಹೆಚ್ಚು ಹತ್ತಿರ ಎನಿಸುವುದು ಷಿಕಾಗೋ ನಗರದ ಶಾಲೆಗಳ ಬಗ್ಗೆ ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ. ಸುಧಾರಣೆ ಕಂಡ ಶಾಲೆಗಳಲ್ಲಿ ಶಿಕ್ಷಕರು, ಮುಖ್ಯಸ್ಥರು, ಪಾಲಕರ ನಡುವೆ ಪರಸ್ಪರ ನಂಬಿಕೆ ಗಟ್ಟಿಯಾಗಿತ್ತು ಎಂಬುದು ಅದರ ತಿರುಳು. ನಂಬಿಕೆಗೆ ಅವರು ಹೇಳಿದ ಆಧಾರಗಳು ಗೌರವ, ಕಾಳಜಿ, ಕೆಲಸದಲ್ಲಿ ಸಾಮರ್ಥ್ಯ ಮತ್ತು ನುಡಿದಂತೆ ನಡೆಯುವುದು.

ಪಾಠ ವೀಕ್ಷಣೆಗೆ ಹೋದರೆ ಶಿಕ್ಷಕರು ಮುಖ ಬಿಗಿದುಕೊಳ್ಳುತ್ತಾರೆ. ಏನು ಮಾಡುವುದು?

ಮೊದಲು ನಿಮ್ಮ ತರಗತಿಗೆ ಅವರನ್ನು ಕರೆಯಿರಿ. ‘ಭಿನ್ನರಾಶಿ ಪಾಠದಲ್ಲಿ ನಾಲ್ಕೈದು ಮಕ್ಕಳು ಜಾರುತ್ತಿದ್ದಾರೆ, ಹಿಂದೆ ಕೂತು ನೋಡಿ ಹೇಳಿ ಮೇಡಂ’ ಎಂದು ಕೇಳಿ. ಮುಖ್ಯ ಶಿಕ್ಷಕರೇ ಎಡವಬಹುದು ಎಂದಾದ ಮೇಲೆ ಎಡವುವುದು ಅಪರಾಧವಾಗಿ ಉಳಿಯುವುದಿಲ್ಲ. ಆಮೇಲೆ ನೀವು ಹೋದಾಗ ವೀಕ್ಷಣಾ ಪುಸ್ತಕವನ್ನು ಕಚೇರಿಯಲ್ಲೇ ಬಿಟ್ಟು ಹೋಗಿ. ಹೊರಬಂದ ಮೇಲೆ ಒಂದೇ ವಿಷಯ ಮಾತಾಡಿ, ಹನ್ನೊಂದು ಅಂಶ ಬೇಡ.

ನಲಿ-ಕಲಿ ಹುಟ್ಟಿದ ಬಗೆ ನೆನಪಿಸಿಕೊಳ್ಳಿ. 1990ರ ದಶಕದ ನಡುವಿನಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಗ್ರಾಮೀಣ ಶಾಲೆಗಳನ್ನು ಕಣ್ಣಾರೆ ನೋಡಿ ಬಂದರು, ಯುನಿಸೆಫ್ ನೆರವಿನಲ್ಲಿ ಕನ್ನಡದ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು, ತರಗತಿಯಲ್ಲಿ ಬಳಸಿ ನೋಡಿ ತಿದ್ದಿದರು. ಅಧಿಕಾರಿಗಳು ಅವರಿಗೆ ಆ ಅವಕಾಶ ಬಿಟ್ಟುಕೊಟ್ಟರು. ಅದೇ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಆದೇಶವಾಗಿ ಬಂದಾಗ ಎಷ್ಟೋ ಕಡೆ ಕಾರ್ಡುಗಳು ತಟ್ಟೆಯಲ್ಲೇ ಉಳಿದವು. ಕಾರ್ಡು ಅದೇ. ಮೊದಲಿನವರು ಅದನ್ನು ಕಟ್ಟಿದ್ದರು, ನಂತರದವರಿಗೆ ಅದು ಬಂದು ಬಿದ್ದಿತ್ತು. ನಿಮ್ಮ ಶಾಲೆಯ ಕ್ರಿಯಾ ಯೋಜನೆ ಇವೆರಡರಲ್ಲಿ ಯಾವುದು?

ಹಾಲು, ಮೊಟ್ಟೆ, ಸಮೀಕ್ಷೆ, ಚುನಾವಣೆ. ಇದರ ನಡುವೆ ನಾಯಕತ್ವಕ್ಕೆ ಸಮಯ ಎಲ್ಲಿದೆ?

ಇಲ್ಲ. ಇದೆ ಎಂದು ಹೇಳುವವರು ಶಾಲೆ ನಡೆಸಿದವರಲ್ಲ. ಕ್ಷೀರಭಾಗ್ಯ 2013ರಲ್ಲಿ ಬಂತು, ಆಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ, ರಾಗಿ ಮಾಲ್ಟ್. ಮಕ್ಕಳಿಗೆ ಬೇಕೇ ಬೇಕಾದವು, ಅದರಲ್ಲಿ ತಕರಾರಿಲ್ಲ. ಆದರೆ ಮೊಟ್ಟೆಯ ದರ ಸಂತೆಯಲ್ಲಿ ಏರಿದಾಗ ಅಂಗಡಿಯವನ ಎದುರು ನಿಲ್ಲುವವರು ಮುಖ್ಯ ಶಿಕ್ಷಕರೇ. ಪ್ರೌಢಶಾಲೆಯಲ್ಲಿ ಗುಮಾಸ್ತರ ಹುದ್ದೆಯಾದರೂ ಇದೆ; ಪ್ರಾಥಮಿಕ ಶಾಲೆಯಲ್ಲಿ ಬರೆಯುವವರು, ತರುವವರು, ಎಣಿಸುವವರು ಎಲ್ಲ ನಾವೇ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಗಳಿಗೆ ನಿಯೋಜಿಸಬಾರದು ಎನ್ನುತ್ತದೆ. ಆದರೂ 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಾಲೆಗಳ ದಸರಾ ರಜೆಯನ್ನೇ 18ರವರೆಗೆ ವಿಸ್ತರಿಸಿದ್ದು ಎಲ್ಲರಿಗೂ ನೆನಪಿದೆ.

ಇದನ್ನು ಮುಖ್ಯ ಶಿಕ್ಷಕರು ತಡೆಯಲಾರರು. ಆದರೆ ಹೊರಗಿನಿಂದ ಬಂದ ಒತ್ತಡವನ್ನು ಹಾಗೆಯೇ ಕೆಳಗೆ ಸುರಿಯುವವರೂ ಇದ್ದಾರೆ, ಸೋಸಿ ಬಿಡುವವರೂ ಇದ್ದಾರೆ. ವಾಟ್ಸ್‌ಆ್ಯಪ್ ಗುಂಪಿಗೆ ‘ಅತಿ ಜರೂರು, ಮಧ್ಯಾಹ್ನ 2ರೊಳಗೆ’ ಎಂದು ಬಂದದ್ದನ್ನು ಅದೇ ಕ್ಷಣ ಶಿಕ್ಷಕರ ಗುಂಪಿಗೆ ತಳ್ಳಿದರೆ ಏಳು ತರಗತಿಗಳಲ್ಲಿ ಪಾಠ ನಿಲ್ಲುತ್ತದೆ. ಬೇಡಿದ ಮಾಹಿತಿಯ ಬಹುಪಾಲು ಈಗಾಗಲೇ ಕಚೇರಿಯ ಕಡತದಲ್ಲೇ ಇರುತ್ತದೆ. ನಾನು ಒಂದು ನಿಯಮ ಮಾಡಿಕೊಂಡಿದ್ದೆ: ಊಟದ ಗಂಟೆಗೆ ಮೊದಲು ಯಾವ ಶಿಕ್ಷಕರನ್ನೂ ತರಗತಿಯಿಂದ ಕರೆಯುವುದಿಲ್ಲ, ಯಾರೇ ಬಂದಿರಲಿ. ಇದನ್ನು ಮುರಿಯಬೇಕಾಗಿ ಬಂದ ದಿನಗಳೂ ಉಂಟು. ಮುರಿದಾಗ ಸಂಜೆ ಹೋಗಿ ಕಾರಣ ಹೇಳುತ್ತಿದ್ದೆ.

ನಮ್ಮಲ್ಲಿ ಪಿಎಸ್‌ಟಿ (ಪ್ರಾಥಮಿಕ ಶಾಲಾ ಶಿಕ್ಷಕರು), ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕರು) ಎಂದು ಎರಡು ಗುಂಪಾಗಿದೆ.

ಎಷ್ಟೋ ಶಾಲೆಗಳಲ್ಲಿ ಆಗಿದೆ. ಒಂದರಿಂದ ಏಳನೇ ತರಗತಿಗೆ ಎಂದು ನೇಮಕವಾಗಿ ಇಪ್ಪತ್ತು ವರ್ಷ ಪಾಠ ಮಾಡಿದವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮಗಳು ಒಂದರಿಂದ ಐದಕ್ಕೆ ಇಳಿಸಿದವು. ಪದವಿ ಇದ್ದೂ ಕೆಳಗಾದೆವು ಎಂಬ ಅವರ ನೋವು ನಿಜ. ಆರರಿಂದ ಎಂಟಕ್ಕೆ ನೇರವಾಗಿ ಬಂದ ಯುವ ಪದವೀಧರ ಶಿಕ್ಷಕರ ತಪ್ಪೂ ಅದರಲ್ಲಿ ಇಲ್ಲ. ಈ ವ್ಯಾಜ್ಯ ನಿಮ್ಮ ಶಾಲೆಯ ಕೊಠಡಿಯಲ್ಲಿ ಬಗೆಹರಿಯುವಂಥದ್ದಲ್ಲ, ನ್ಯಾಯ ತೀರ್ಮಾನಕ್ಕೆ ಕೂರಬೇಡಿ. ನೀವು ಮಾಡಬಹುದಾದದ್ದು ಇಷ್ಟು: ಏಳನೇ ತರಗತಿಯ ಕನ್ನಡವನ್ನು ಇಪ್ಪತ್ತು ವರ್ಷ ಕಲಿಸಿದವರಿಂದ ಹೊಸಬರು ಪಾಠ ಯೋಜನೆ ಕೇಳಿ ಪಡೆಯುವ ಸಂದರ್ಭ ತನ್ನಿ, ಹೊಸಬರ ವಿಜ್ಞಾನ ಪ್ರಯೋಗವನ್ನು ಹಿರಿಯರ ನಾಲ್ಕನೇ ತರಗತಿಗೂ ತನ್ನಿ. ಮತ್ತು ದಯವಿಟ್ಟು ‘ನೀವು ಪಿಎಸ್‌ಟಿಯವರು’ ಎಂಬ ಮಾತು ನಿಮ್ಮ ಬಾಯಲ್ಲಿ ತಮಾಷೆಗೂ ಬರದಿರಲಿ.

ನಾನು ಪ್ರಭಾರ ಮಾತ್ರ. ನಿನ್ನೆಯವರೆಗೆ ಜೊತೆಗಿದ್ದವರು ಇವತ್ತು ಮಾತು ಕೇಳುವುದಿಲ್ಲ.

ಮಾತು ಕೇಳಿಸಲು ಹೋಗಬೇಡಿ, ಮಾತು ಕೇಳಿ. ಪ್ರಭಾರಿಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ಕುರ್ಚಿ ಸಿಕ್ಕಿದ ಕೂಡಲೇ ಹಿಂದಿನವರ ಗತ್ತನ್ನು ಅನುಕರಿಸುತ್ತಾರೆ, ಇಲ್ಲವೇ ‘ನನ್ನದೇನಿದೆ, ನಾಲ್ಕು ದಿನದ ಪ್ರಭಾರ’ ಎಂದು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ನಾಲ್ಕು ದಿನದ ಪ್ರಭಾರ ನಾಲ್ಕು ವರ್ಷವಾದದ್ದು ನಮ್ಮ ರಾಜ್ಯದಲ್ಲಿ ಹೊಸದಲ್ಲ. ಹಣದ ಲೆಕ್ಕವನ್ನು ಪ್ರತಿ ತಿಂಗಳು ಎಲ್ಲರ ಮುಂದೆ ಓದಿ. ಪ್ರಭಾರಿಯ ಮೇಲೆ ಮೊದಲು ಹುಟ್ಟುವ ಅನುಮಾನ ಹಣದ್ದೇ.

ಸಿಬ್ಬಂದಿ ಸಭೆ ಎಷ್ಟು ದಿನಕ್ಕೊಮ್ಮೆ ಇರಬೇಕು?

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮುಕ್ಕಾಲು ಗಂಟೆ, ಹದಿನೈದು ದಿನಕ್ಕೊಮ್ಮೆ. ಸುತ್ತೋಲೆ ಓದುವುದು ಕೊನೆಯ ಹತ್ತು ನಿಮಿಷ. ಮೊದಲ ಅರ್ಧ ಗಂಟೆ ಮಕ್ಕಳ ಹೆಸರು ಹಿಡಿದು ಮಾತು: ಐದನೇ ತರಗತಿಯಲ್ಲಿ ಯಾರು ಇನ್ನೂ ಓದುತ್ತಿಲ್ಲ, ಯಾರು ವಾರದಿಂದ ಬಂದಿಲ್ಲ. ಬಸ್ ಇರುವವರನ್ನು ತಡೆಯಬೇಡಿ.

ಎಸ್‌ಡಿಎಂಸಿಯವರು ಶಿಕ್ಷಕರನ್ನು ಎಲ್ಲರೆದುರು ಬೈಯುತ್ತಾರೆ. ಮುಖ್ಯ ಶಿಕ್ಷಕರು ಸುಮ್ಮನಿರುತ್ತಾರೆ.

ಸುಮ್ಮನಿದ್ದರೆ ಆ ಶಿಕ್ಷಕರನ್ನು ಅಂದೇ ಕಳೆದುಕೊಂಡಂತೆ. 2001ರಿಂದ ನಮ್ಮಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು, ಇವೆ. ಪಾಲಕರು ಪ್ರಶ್ನೆ ಕೇಳುವುದು ಅವರ ಹಕ್ಕು. ಮಕ್ಕಳ ಎದುರು ಶಿಕ್ಷಕರನ್ನು ಏಕವಚನದಲ್ಲಿ ನಿಂದಿಸುವುದು ಹಕ್ಕಲ್ಲ. ‘ಬನ್ನಿ, ಕಚೇರಿಯಲ್ಲಿ ಕೂತು ಮಾತಾಡೋಣ, ಉತ್ತರ ನಾನು ಕೊಡುತ್ತೇನೆ’ ಎಂದು ನಡುವೆ ನಿಲ್ಲುವುದು ಮುಖ್ಯ ಶಿಕ್ಷಕರ ಕೆಲಸ. ಶಿಕ್ಷಕರದೇ ತಪ್ಪಿದ್ದರೆ ಅದನ್ನು ಅವರಿಗೆ ಆಮೇಲೆ, ಬಾಗಿಲು ಹಾಕಿಕೊಂಡು, ಬೆಣ್ಣೆ ಹಚ್ಚದೆ ಹೇಳಬೇಕು. ಕೆಲವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ: ಊರವರ ಎದುರು ಶಿಕ್ಷಕರನ್ನು ಬಿಟ್ಟುಕೊಟ್ಟು, ಒಳಗೆ ಬಂದು ‘ಏನು ಮಾಡಲಿ, ಊರವರು ಹಾಗೆ’ ಎಂದು ಸಮಾಧಾನ ಹೇಳುತ್ತಾರೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದಲ್ಲಿ ಸಂಸ್ಕೃತಿ ಉಳಿಯುತ್ತದೆಯೇ?

ಪ್ರೌಢಶಾಲೆಯ ಗೆಳೆಯರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ, ಶೇ 73.40ಕ್ಕೆ ಇಳಿಯಿತು. ಅದುವರೆಗಿನ ಅಂಕಿಗಳಲ್ಲಿ ಎಷ್ಟು ಕಲಿಕೆ, ಎಷ್ಟು ‘ಸಹಕಾರ’ ಎಂದು ಎಲ್ಲರೂ ತಮ್ಮೊಳಗೆ ಲೆಕ್ಕ ಹಾಕಿಕೊಂಡರು. ಶೇ 100 ಬರಲೇಬೇಕು, ಹೇಗಾದರೂ ಸರಿ ಎಂದು ಮುಖ್ಯ ಶಿಕ್ಷಕರು ಹೇಳಿದ ದಿನವೇ ಪ್ರಾಮಾಣಿಕವಾಗಿ ಕಲಿಸುವ ಶಿಕ್ಷಕರು ಮನಸ್ಸಿನಲ್ಲಿ ರಾಜೀನಾಮೆ ಕೊಟ್ಟಿರುತ್ತಾರೆ. ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿರುತ್ತಾರೆ.

ಇಬ್ಬರೇ ಶಿಕ್ಷಕರಿರುವ ಶಾಲೆಗೆ ಇದೆಲ್ಲ ಅನ್ವಯಿಸುತ್ತದೆಯೇ?

ಇಬ್ಬರೇ ಇರುವಲ್ಲಿ ಅದು ಸಂಸಾರದ ಹಾಗೆ. ಹೊಂದಿಕೊಂಡರೆ ಸ್ವರ್ಗ, ಮುನಿಸಿಕೊಂಡರೆ ಮಕ್ಕಳಿಗೆ ಎರಡು ಶಾಲೆ. ಅಂಥಲ್ಲಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಡುವೆ ಬರಬೇಕು.

ಅತಿಥಿ ಶಿಕ್ಷಕರನ್ನು ಹೇಗೆ ಕಾಣಬೇಕು?

ಹಾಜರಾತಿ ಪುಸ್ತಕದಲ್ಲಿ ಬೇರೆ ಹಾಳೆ ಇರಲಿ, ಚಹಾ ಒಂದೇ ಕಡೆ ಇರಲಿ. ಗೌರವಧನ ತಿಂಗಳುಗಟ್ಟಲೆ ತಡವಾದಾಗ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಫೋನ್ ಮಾಡಿ ವಿಚಾರಿಸಿದರೂ ಸಾಕು, ಅವರಿಗೆ ಗೊತ್ತಾಗುತ್ತದೆ. ಅತಿಥಿ ಶಿಕ್ಷಕರನ್ನು ಒಂದು ಶಾಲೆ ನಡೆಸಿಕೊಳ್ಳುವ ಬಗೆಯನ್ನು ಕಾಯಂ ಶಿಕ್ಷಕರೂ ಕಣ್ಣಿಟ್ಟು ನೋಡುತ್ತಿರುತ್ತಾರೆ.

ಇದಕ್ಕೆ ತರಬೇತಿ ಇದೆಯೇ?

ಇದೆ. ದೆಹಲಿಯ ನೀಪಾ (ಶೈಕ್ಷಣಿಕ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ) ಸಂಸ್ಥೆಯಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರವಿದೆ, ನಮ್ಮ ರಾಜ್ಯದಲ್ಲಿ ಧಾರವಾಡದಲ್ಲಿ ಶಾಲಾ ನಾಯಕತ್ವದ ತರಬೇತಿ ಸಂಸ್ಥೆ ಸಿಸ್ಲೆಪ್ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕೆನ್ನುತ್ತದೆ. ಹೋಗಿ ಬನ್ನಿ. ಅಲ್ಲಿಯ ಉಪನ್ಯಾಸಗಳಿಗಿಂತ ಬೇರೆ ಜಿಲ್ಲೆಯ ಮುಖ್ಯ ಶಿಕ್ಷಕರ ಜೊತೆ ರಾತ್ರಿ ಊಟದ ಹೊತ್ತಿನ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಮುಖ್ಯ ಶಿಕ್ಷಕರೇ ಸರಿಯಿಲ್ಲದಿದ್ದರೆ ಸಹ ಶಿಕ್ಷಕರು ಏನು ಮಾಡಬಹುದು?

ಇದಕ್ಕೆ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ಕಿರುಕುಳವಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ, ಒಬ್ಬರೇ ಹೋಗಬೇಡಿ. ಬರಿಯ ಆಲಸ್ಯವಾದರೆ, ಇಬ್ಬರು ಮೂವರು ಸೇರಿ ನಿಮ್ಮ ತರಗತಿಗಳ ಮಟ್ಟಿಗೆ ಒಂದು ಒಪ್ಪಂದ ಮಾಡಿಕೊಳ್ಳಿ. ಕಚೇರಿ ಕೋಣೆ ಹಾಳಾಗಿದ್ದರೂ ಮೂರು ಕೊಠಡಿಗಳು ಚೆನ್ನಾಗಿ ನಡೆದ ಶಾಲೆಗಳನ್ನು ನೋಡಿದ್ದೇನೆ. ಬಹಳ ಕಾಲ ನಡೆದದ್ದನ್ನು ನೋಡಿಲ್ಲ.

ಒಳ್ಳೆಯ ಮುಖ್ಯ ಶಿಕ್ಷಕರು ವರ್ಗವಾದ ಕೂಡಲೇ ಎಲ್ಲ ಮೊದಲಿನಂತೆ ಆಗುತ್ತದಲ್ಲ?

ಎಷ್ಟೋ ಕಡೆ ಆಗುತ್ತದೆ. ಎಲ್ಲವನ್ನೂ ತಾವೇ ಹೊತ್ತುಕೊಂಡು ಓಡಾಡುವ, ರಾತ್ರಿ ಎಂಟರವರೆಗೆ ಶಾಲೆಯಲ್ಲಿರುವ ಮುಖ್ಯ ಶಿಕ್ಷಕರನ್ನು ಊರು ಕೊಂಡಾಡುತ್ತದೆ, ಅವರು ಹೋದ ಮರುದಿನ ಶಾಲೆ ಕುಸಿಯುತ್ತದೆ. ಅಲ್ಲಿ ಕೆಲಸ ಮಾಡಲು ಕಲಿತವರು ಅವರೊಬ್ಬರೇ.

ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ನಗದು ಪುಸ್ತಕ, ದಾಸ್ತಾನು ವಹಿ, ಅಕ್ಕಿಯ ಶಿಲ್ಕು, ಪಾಸ್‌ವರ್ಡ್‌ಗಳು, ಬೀಗದ ಕೈಗಳು ಇರುತ್ತವೆ. ನಾನು ಕೊನೆಯ ಶಾಲೆ ಬಿಡುವಾಗ ಆ ಪಟ್ಟಿಯ ಜೊತೆಗೆ ಇನ್ನೊಂದು ಹಾಳೆ ಕೊಟ್ಟೆ. ಯಾವ ಶಿಕ್ಷಕರು ಈ ವರ್ಷ ಯಾವ ಕೆಲಸ ಕಲಿಯುವ ಸರದಿಯಲ್ಲಿದ್ದಾರೆ, ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ, ಯಾರು ಯಾವ ಬಸ್ಸಿಗೆ ಹೋಗಬೇಕು, ಯಾರಿಗೆ ನಾನು ಯಾವ ಮಾತು ಕೊಟ್ಟು ಇನ್ನೂ ಉಳಿಸಿಕೊಂಡಿಲ್ಲ. ಹೊಸದಾಗಿ ಬಂದ ಮೇಡಂ ಅದನ್ನು ನಿಂತಲ್ಲೇ ಓದಿದರು. ಕೊನೆಯ ಸಾಲಿನ ಹತ್ತಿರ ಬೆರಳಿಟ್ಟು, ‘ಇದು ಮೂರು ಇದೆಯಲ್ಲ ಸರ್, ಹೋಗುವ ಮೊದಲು ಒಂದನ್ನಾದರೂ ನೀವೇ ತೀರಿಸಿ ಹೋಗಿ’ ಎಂದರು.